ಕಪ್ಪತಗುಡ್ಡದ ಕಲ್ಲಿಗೆ ವಯಸ್ಸು ಹೇಳುವುದು ಹೇಗೆ: ಒಂದು ಡಬ್ಬಿ, ಹುಣಸೆ ಬೀಜ, ಪುಟಾಣಿ ಮತ್ತು ಅರ್ಧಾಯುಷ್ಯದ ಲೆಕ್ಕ

ಡಂಬಳದಿಂದ ಕಪ್ಪತಗುಡ್ಡದ ಕಡೆ ಹೋಗುವಾಗ ಬೈಕ್ ನಿಲ್ಲಿಸಿ ನಮ್ಮ ಕಾಕಾಗೆ ಒಂದು ಕಲ್ಲು ತೋರಿಸಿದೆ. ಕೆಂಪು ಗೆರೆ, ಕಪ್ಪು ಗೆರೆ, ಮತ್ತೆ ಕೆಂಪು ಗೆರೆ. ಇಳಕಲ್ ಸೀರೆಯ ದಡಿ ಇದ್ದ ಹಾಗೆ. ಕಬ್ಬಿಣದ ಅಂಶ ತುಂಬಿದ ಪಟ್ಟೆಕಲ್ಲು ಅದು. "ಇದು ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೇದು ಕಾಕಾ" ಅಂದೆ. ಕಾಕಾ ಒಮ್ಮೆ ಕಲ್ಲನ್ನು ನೋಡಿದರು, ಒಮ್ಮೆ ನನ್ನನ್ನು.

"ಯಾಂವ ನೋಡ್ಯಾನೋ ತಮ್ಮಾ?"

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವನು. ಈಗ ಗದಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಆದರೂ ಆ ಪ್ರಶ್ನೆಗೆ ರಸ್ತೆ ಬದಿಯಲ್ಲಿ ನಿಂತು ಉತ್ತರ ಕೊಡೋಕೆ ಆಗಲಿಲ್ಲ. "ವಿಕಿರಣಶೀಲ ಕ್ಷಯದಿಂದ ಗೊತ್ತಾಗುತ್ತೆ" ಅಂದರೆ ಅದು ಉತ್ತರ ಆಗುತ್ತಾ? ಕೊನೆಗೆ ಎರಡು ಭಾನುವಾರ ಕಾಕಾನ ಪಡಸಾಲೆಯಲ್ಲಿ ಕೂತು ಲೆಕ್ಕ ಮಾಡಿ ತೋರಿಸಿದೆ. ಅದೇ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಬೇಕಾಗುವ ಸಾಮಾನು: ಮುಚ್ಚಳ ಇರುವ ಸ್ಟೀಲ್ ಡಬ್ಬಿ, 200 ಹುಣಸೆ ಬೀಜದ ಹೋಳು, ಒಂದಿಷ್ಟು ಪುಟಾಣಿ (ಹುರಿಗಡಲೆ), ಹಾಳೆ, ಪೆನ್ನು, ಮೊಬೈಲ್. ಹತ್ತನೇ ತರಗತಿಯ ಗಣಿತ ಸಾಕು. ಒಂದೇ ಒಂದು ಕಡೆ ಲಾಗರಿದಮ್ ಬರುತ್ತದೆ, ಅದನ್ನು ಮೊಬೈಲೇ ಮಾಡಿ ಕೊಡುತ್ತದೆ.

ಮೊದಲ ಹೆಜ್ಜೆ: ಪರಮಾಣುವಿಗೆ ಮುಪ್ಪಿಲ್ಲ

ಕ್ಷಯ ಅಂದ ಕೂಡಲೇ ನಮ್ಮ ಹುಡುಗರು ಕೆಮ್ಮಿ ತೋರಿಸುತ್ತಾರೆ. ಈ ಕ್ಷಯ ಆ ಕಾಯಿಲೆ ಅಲ್ಲ ಬಿಡಿ. ಒಂದೇ ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕ ಇರುವುದಿಲ್ಲ. ಪ್ರಕೃತಿಯಲ್ಲಿ ಸಿಗುವ ಪೊಟ್ಯಾಸಿಯಂ 39, 40, 41 ಅಂತ ಮೂರು ಬಗೆ. ಇವಕ್ಕೆ ಐಸೋಟೋಪ್ ಅನ್ನುತ್ತಾರೆ. 39 ಮತ್ತು 41 ತಣ್ಣಗೆ ಕೂತಿರುತ್ತವೆ. 40ರ ನ್ಯೂಕ್ಲಿಯಸ್‌ಗೆ ಮಾತ್ರ ನೆಲೆ ನಿಲ್ಲೋಕೆ ಆಗಲ್ಲ. ಒಂದಲ್ಲ ಒಂದು ದಿನ ಅದು ಕ್ಯಾಲ್ಸಿಯಂ ಅಥವಾ ಆರ್ಗಾನ್ ಆಗಿಬಿಡುತ್ತದೆ. ಹೀಗೆ ತಾನಾಗಿ ಬೇರೆ ಧಾತು ಆಗುವುದೇ ವಿಕಿರಣಶೀಲ ಕ್ಷಯ. ಬದಲಾಗುವ ಮೊದಲಿನದು ತಾಯಿ, ಬದಲಾದ ಮೇಲಿನದು ಮಗಳು. ಹೀಗೆ ಹೆಸರಿಟ್ಟುಕೊಂಡರೆ ಲೆಕ್ಕ ಸುಲಭ.

ಯಾವ ದಿನ ಬದಲಾಗುತ್ತದೆ? ಯಾರೂ ಹೇಳಲಾರರು. ಎತ್ತಿಗೆ ವಯಸ್ಸಾದಂತೆ ಸಾಯುವ ಸಂಭವ ಹೆಚ್ಚುತ್ತದೆ. ಪರಮಾಣುವಿಗೆ ಹಾಗಿಲ್ಲ. ನಿನ್ನೆ ಹುಟ್ಟಿದ್ದಕ್ಕೂ ನೂರಾರು ಕೋಟಿ ವರ್ಷ ಬಾಳಿದ್ದಕ್ಕೂ ನಾಳೆ ಬದಲಾಗುವ ಸಂಭವ ಅಷ್ಟಕ್ಕಷ್ಟೇ. ಬೆಂಕಿಯಲ್ಲಿ ಹಾಕಿ, ಗುಡ್ಡದ ಅಡಿ ಅದುಮಿ, ಆ್ಯಸಿಡ್ ಸುರಿಯಿರಿ. ನಾವು ಇಲ್ಲಿ ನೋಡುವ ಕಲ್ಲಿನ ಗಡಿಯಾರಗಳ ಓಟ ಬದಲಾಗುವುದಿಲ್ಲ. ಬಿಸಿಯಿಂದ ಬೇರೆ ಒಂದು ತೊಂದರೆ ಆಗುತ್ತದೆ, ಅದನ್ನು ಆರನೇ ಹೆಜ್ಜೆಯಲ್ಲಿ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಮಾತು ಬಂದಾಗ ಹೇಳುತ್ತೇನೆ.

ವಿಕಿರಣ ಅಂದರೆ ಹೆದರುವವರಿಗೆ ಒಂದು ಮಾತು. ಮನುಷ್ಯನ ಮೈಯಲ್ಲೂ ಪೊಟ್ಯಾಸಿಯಂ ಇದೆ. ದೊಡ್ಡವರ ಮೈಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4,000 ಪೊಟ್ಯಾಸಿಯಂ-40 ಪರಮಾಣು ಹೀಗೆ ಬದಲಾಗುತ್ತಲೇ ಇರುತ್ತವೆ. ನೀವು ಇದನ್ನು ಓದುವಾಗಲೂ.

ಎರಡನೇ ಹೆಜ್ಜೆ: ಡಬ್ಬಿ ಕುಲುಕಿ

ಚೌಕಾಬಾರ ಆಡಿದವರಿಗೆ ಹುಣಸೆ ಬೀಜದ ಹೋಳು ಗೊತ್ತು. ಒಂದು ಬದಿ ಕಂದು, ಒಂದು ಬದಿ ಬಿಳಿ. 200 ಹೋಳು ಎಣಿಸಿ ಡಬ್ಬಿಗೆ ಹಾಕಿ. ಮುಚ್ಚಿ, ಚೆನ್ನಾಗಿ ಕುಲುಕಿ, ಹಾಳೆಯ ಮೇಲೆ ಸುರಿಯಿರಿ. ಬಿಳಿ ಬದಿ ಮೇಲಾಗಿ ಬಿದ್ದವೆಲ್ಲ ಕ್ಷಯವಾದವು ಅಂತ ಲೆಕ್ಕ. ಅವನ್ನು ತೆಗೆಯಿರಿ. ಸುಮ್ನೆ ತೆಗೆದು ಬಿಡಬೇಡಿ, ಪ್ರತಿ ಹೋಳಿನ ಬದಲಿಗೆ ಒಂದು ಪುಟಾಣಿ ಹಾಕಿ. ಬೀಜ ತಾಯಿ, ಪುಟಾಣಿ ಮಗಳು. ಡಬ್ಬಿಯಲ್ಲಿ ಯಾವಾಗಲೂ ಒಟ್ಟು 200 ಇರಬೇಕು. ಮತ್ತೆ ಕುಲುಕಿ, ಮತ್ತೆ ಸುರಿಯಿರಿ.

ನಮ್ಮ ಮನೆಯಲ್ಲಿ ಉಳಿದ ಬೀಜದ ಲೆಕ್ಕ ಹೀಗೆ ಬಂತು: ಶುರುವಿಗೆ 200, ಆಮೇಲೆ 121, 74, 44, 27, 16.

ನಾಣ್ಯದ ಹಾಗೆ ಪ್ರತಿ ಸಲ ಅರ್ಧಕ್ಕರ್ಧ ಬೀಳುತ್ತದೆ ಅಂತ ನಾನು ಕಾಕಾಗೆ ಜಂಬದಿಂದ ಹೇಳಿದ್ದೆ. 100 ಆಗಬೇಕಿತ್ತು, 121 ಬಂತು. "ನಿನ್ನ ಬೀಜ ಮೋಸ ಮಾಡ್ತಾವ" ಅಂದರು ಕಾಕಾ. ನಿಜ ಹೇಳಬೇಕು ಅಂದ್ರೆ ಆ ಮೋಸದಿಂದಲೇ ವಿಷಯ ಚೆನ್ನಾಗಿ ಅರ್ಥವಾಯಿತು. ಹೋಳಿನ ಒಂದು ಬದಿ ಉಬ್ಬು, ಒಂದು ಬದಿ ಚಪ್ಪಟೆ. ಎರಡೂ ಬದಿ ಸಮನಾಗಿ ಬೀಳಬೇಕಂತ ಏನಿಲ್ಲ. ನಮ್ಮ ಬೀಜ ಸುಮಾರು ನೂರಕ್ಕೆ 40 ಸಲ ಬಿಳಿ ಬದಿ ಮೇಲಾಗಿ ಬಿದ್ದವು. ಅಂದರೆ ಪ್ರತಿ ಸಲ 60 ಪಾಲು ಉಳಿಯುತ್ತದೆ. ಮೇಲಿನ ಸಂಖ್ಯೆಗಳನ್ನು ಮತ್ತೆ ನೋಡಿ. 200ರ 60 ಪಾಲು 120, ಅದರ 60 ಪಾಲು 72, ಅದರದು 43. ಹೆಚ್ಚುಕಮ್ಮಿ ಹಾಗೇ ಇದೆ.

ಈಗ ಕೇಳಿ: 200 ಇದ್ದದ್ದು 100 ಆಗೋಕೆ ಎಷ್ಟು ಕುಲುಕು ಬೇಕು? ಒಂದಕ್ಕಿಂತ ಜಾಸ್ತಿ, ಎರಡಕ್ಕಿಂತ ಕಡಿಮೆ. ಲೆಕ್ಕ ಹಾಕಿದರೆ 1.36. ಅದೇ ನಮ್ಮ ಹುಣಸೆ ಬೀಜದ ಅರ್ಧಾಯುಷ್ಯ. ನಾಣ್ಯಕ್ಕೆ ಅದು 1. ಲೂಡೋ ದಾಳ ಹಾಕಿ, ಆರು ಬಿದ್ದವನ್ನು ಮಾತ್ರ ತೆಗೆಯುತ್ತ ಹೋದರೆ 3.8. ಪ್ರತಿ ಐಸೋಟೋಪ್‌ಗೂ ಹೀಗೆ ಅದರದೇ ಒಂದು ಅಂಕಿ. ರೇಡಾನ್-222ಕ್ಕೆ 3.8 ದಿನ, ಕಾರ್ಬನ್-14ಕ್ಕೆ 5,730 ವರ್ಷ, ಯುರೇನಿಯಂ-238ಕ್ಕೆ 446.8 ಕೋಟಿ ವರ್ಷ.

ಇಲ್ಲೇ ಎಲ್ಲರೂ ಎಡವುವುದು. ಅರ್ಧಾಯುಷ್ಯ ಒಂದು ಕಳೆದರೆ ಅರ್ಧ, ಎರಡು ಕಳೆದರೆ ಪೂರ್ತಿ ಖಾಲಿ ಅಂದುಕೊಳ್ಳುತ್ತಾರೆ. ಪರೀಕ್ಷೆಯ ಪೇಪರ್ ತಿದ್ದುವಾಗ ಈ ತಪ್ಪನ್ನು ಎಷ್ಟು ಸಲ ಕಂಡಿದ್ದೇನೋ. ಎರಡನೇ ಸಲ ಅರ್ಧವಾಗುವುದು ಉಳಿದದ್ದರ ಅರ್ಧ. ರೊಟ್ಟಿಯಲ್ಲಿ ಅರ್ಧ ತಿಂದಿರಿ, ಉಳಿದ ಅರ್ಧದಲ್ಲಿ ಅರ್ಧ ತಿಂದಿರಿ, ಬುಟ್ಟಿಯಲ್ಲಿ ಇನ್ನೂ ಕಾಲು ರೊಟ್ಟಿ ಇರುತ್ತದೆ ಅಲ್ವಾ?

ಇನ್ನೊಂದು ಗಮನಿಸಿ. ಕೊನೆಯ 16 ಬೀಜಕ್ಕೆ ಬಂದಾಗ ಲೆಕ್ಕ ಓಲಾಡುತ್ತದೆ. ಒಮ್ಮೆ 12 ಉಳಿಯುತ್ತದೆ, ಒಮ್ಮೆ 7. ಅರ್ಧಾಯುಷ್ಯ ಗುಂಪಿನ ನಿಯಮ. ಗುಂಪು ದೊಡ್ಡದಿದ್ದಷ್ಟು ಅಂಕಿ ಗಟ್ಟಿ. ಸಾಸಿವೆ ಕಾಳಿಗಿಂತ ಚಿಕ್ಕ ಹರಳಿನಲ್ಲೂ ಪರಮಾಣುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಹಾಗಾಗಿ ಕಲ್ಲಿನ ಗಡಿಯಾರ ನಮ್ಮ ಡಬ್ಬಿಯಷ್ಟು ಓಲಾಡುವುದಿಲ್ಲ.

ಮೂರನೇ ಹೆಜ್ಜೆ: ನೋಡದೇ ಹೇಳುವುದು

ಕಾಕಾ ಹಿತ್ತಲಿಗೆ ಹೋದಾಗ ಮತ್ತೆ 200 ಬೀಜದಿಂದ ಶುರು ಮಾಡಿ ನಾನು ಒಂದಷ್ಟು ಸಲ ಕುಲುಕಿದೆ. ಪ್ರತಿ ಸಲವೂ ಬಿಳಿಯವನ್ನು ತೆಗೆದು ಪುಟಾಣಿ ಹಾಕಿದೆ. ಅವರು ಬಂದ ಮೇಲೆ ಡಬ್ಬಿ ಕೈಗೆ ಕೊಟ್ಟು, "ಎಷ್ಟು ಸಲ ಕುಲುಕೇನಿ ಹೇಳ್ರಿ" ಅಂದೆ. ಎಣಿಸಿದರು. 27 ಬೀಜ, 173 ಪುಟಾಣಿ.

ಈ ಲೆಕ್ಕಕ್ಕೆ ಸೂತ್ರ ಒಂದೇ:

ವಯಸ್ಸು = (ಅರ್ಧಾಯುಷ್ಯ ÷ 0.693) × ಎಲ್‌ಎನ್ (1 + ಮಗಳು ÷ ತಾಯಿ)

ಎಲ್‌ಎನ್ ಅಂದರೆ ಸಹಜ ಲಾಗರಿದಮ್. ಮೊಬೈಲಿನ ಕ್ಯಾಲ್ಕುಲೇಟರ್ ಅನ್ನು ಅಡ್ಡ ತಿರುಗಿಸಿ, ಸಾಮಾನ್ಯವಾಗಿ ಆ ಗುಂಡಿ ಕಾಣುತ್ತದೆ. 0.693 ಅನ್ನುವುದು 2ರ ಎಲ್‌ಎನ್. ಅರ್ಧ ಮಾಡುವ ಆಟ ಆದ್ದರಿಂದ 2 ಬಂದಿದೆ, ಬೇರೆ ಗುಟ್ಟೇನಿಲ್ಲ.

173 ಭಾಗಿಸು 27, ಅಂದರೆ 6.41. ಒಂದು ಕೂಡಿಸಿದರೆ 7.41. ಅದರ ಎಲ್‌ಎನ್ 2.00. ನಮ್ಮ ಅರ್ಧಾಯುಷ್ಯ 1.36 ಭಾಗಿಸು 0.693, ಅಂದರೆ 1.96. ಎರಡನ್ನೂ ಗುಣಿಸಿದರೆ 3.92. "ನಾಕ್ ಸಲ" ಅಂದರು ಕಾಕಾ. ನಾಲ್ಕೇ ಸಲ ಕುಲುಕಿದ್ದೆ. ನಾನು ಕುಲುಕಿದ್ದನ್ನು ಅವರು ನೋಡಿರಲಿಲ್ಲ.

ಸೂತ್ರ ಬೇಡ ಅನ್ನುವವರಿಗೆ 1, 3, 7, 15 ಅಂತ ಬಾಯಿಪಾಠ ಸಾಕು. ಮಗಳು ತಾಯಿಯಷ್ಟೇ ಇದ್ದರೆ ಒಂದು ಅರ್ಧಾಯುಷ್ಯ ಕಳೆದಿದೆ. ಮೂರು ಪಟ್ಟು ಇದ್ದರೆ ಎರಡು, ಏಳು ಪಟ್ಟಾದರೆ ಮೂರು, ಹದಿನೈದು ಪಟ್ಟಾದರೆ ನಾಲ್ಕು.

ನಾಲ್ಕನೇ ಹೆಜ್ಜೆ: 447 ಕೋಟಿ ವರ್ಷ ಕಾದವರು ಯಾರು?

ಕಾಕಾ ಸುಮ್ಮನಾಗಲಿಲ್ಲ. "ಬೀಜದ್ದು ಸರಿ. ಐದು ಸಲ ಕುಲುಕಿ ನೋಡಿದಿ. ಆ ಯುರೇನಿಯಂ ಅರ್ಧ ಆಗೋತನಕ ಯಾವ ಪುಣ್ಯಾತ್ಮ ಕುಂತಿದ್ದ?" ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಒಳ್ಳೆಯ ಪ್ರಶ್ನೆ ಇದೇ. ಪಠ್ಯಪುಸ್ತಕ ಓದುವಾಗ ನನಗೆ ಇದು ಹೊಳೆದೇ ಇರಲಿಲ್ಲ.

ಕಾಯುವ ಅಗತ್ಯ ಇಲ್ಲ. ಒಂದು ಗ್ರಾಂ ಯುರೇನಿಯಂ-238 ತಗೊಳ್ಳಿ. ಅದರಲ್ಲಿ ಸುಮಾರು ಎರಡೂವರೆ ಕೋಟಿ ಕೋಟಿ ಕೋಟಿ ಪರಮಾಣು ಇವೆ. ಹೌದು, ಕೋಟಿ ಮೂರು ಸಲ. ಇಷ್ಟು ದೊಡ್ಡ ಗುಂಪಿನಲ್ಲಿ ಸೆಕೆಂಡಿಗೆ ಸುಮಾರು 12,400 ಪರಮಾಣು ಒಡೆಯುತ್ತವೆ. ಅದನ್ನು ಯಂತ್ರದಲ್ಲಿ ಆರಾಮಾಗಿ ಎಣಿಸಬಹುದು. ವರ್ಷದ ಲೆಕ್ಕಕ್ಕೆ ತಂದು ಭಾಗಿಸಿದರೆ, ಪ್ರತಿ 645 ಕೋಟಿ ಪರಮಾಣುವಿನಲ್ಲಿ ವರ್ಷಕ್ಕೆ ಒಂದು ಬದಲಾಗುತ್ತಿದೆ ಅಂತ ಬರುತ್ತದೆ. 645ನ್ನು 0.693ರಿಂದ ಗುಣಿಸಿ. 447. ಅದೇ ಅರ್ಧಾಯುಷ್ಯ, ಕೋಟಿ ವರ್ಷದಲ್ಲಿ. ನಮ್ಮ ಬೀಜದ ಅರ್ಧಾಯುಷ್ಯವನ್ನೂ ಹೀಗೇ, ಒಂದು ಕುಲುಕಿಗೆ ನೂರಕ್ಕೆ 40 ಹೋಗುತ್ತದೆ ಅನ್ನುವುದರಿಂದ ತೆಗೆದೆವಲ್ಲ. ಊರಿಗೆ ಊರೇ ಖಾಲಿಯಾಗುವವರೆಗೆ ಕಾಯಬೇಕಿಲ್ಲ. ವರ್ಷಕ್ಕೆ ಎಷ್ಟು ಮನೆ ಬೀಗ ಹಾಕುತ್ತಿವೆ ಅಂತ ಗೊತ್ತಾದರೆ ಸಾಕು.

ಚಿಕ್ಕ ಅರ್ಧಾಯುಷ್ಯ ಇದ್ದವನ್ನು ಮಾತ್ರ ಕೂತು ನೋಡಬಹುದು. 1900ರಲ್ಲಿ ರುದರ್‌ಫೋರ್ಡ್ ಹಾಗೇ ನೋಡಿದ್ದು. ಥೋರಿಯಂನಿಂದ ಹೊರಬರುವ ಅನಿಲದ ಕಸುವು ಸುಮಾರು ಒಂದು ನಿಮಿಷಕ್ಕೊಮ್ಮೆ ಅರ್ಧವಾಗುತ್ತಿತ್ತು. ಏಳೇ ವರ್ಷದಲ್ಲಿ, 1907ಕ್ಕೆ, ಅಮೆರಿಕದ ಬೋಲ್ಟ್‌ವುಡ್ ಯುರೇನಿಯಂ-ಸೀಸದ ಪ್ರಮಾಣ ನೋಡಿ ಕಲ್ಲುಗಳಿಗೆ ವಯಸ್ಸು ಹೇಳತೊಡಗಿದ್ದ.

ಐದನೇ ಹೆಜ್ಜೆ: ಯಾವ ಕಲ್ಲಿಗೆ ಯಾವ ಗಡಿಯಾರ

ಬಟ್ಟೆ ಅಳೆಯುವ ಮೀಟರ್ ಕೋಲಿನಿಂದ ಹುಬ್ಬಳ್ಳಿ-ಗದಗ ದೂರ ಅಳೆಯುವುದಿಲ್ಲ. ಹಾಗೇ ಇದು.

ಎಲ್ಲರ ಬಾಯಲ್ಲಿ ಇರುವುದು ಕಾರ್ಬನ್ ಡೇಟಿಂಗ್. "ಗುಡ್ಡದ ಕಲ್ಲಿಗೆ ಕಾರ್ಬನ್ ಟೆಸ್ಟ್ ಮಾಡಿಸಿದ್ದಾರಾ?" ಅಂತ ಕೇಳುತ್ತಾರೆ. ಕಾರ್ಬನ್-14 ಕಲ್ಲಿಗೆ ಕೆಲಸಕ್ಕೆ ಬಾರದು. ಅದು ಒಂದು ಕಾಲದಲ್ಲಿ ಜೀವ ಇದ್ದವಕ್ಕೆ. ಕಟ್ಟಿಗೆ, ಇದ್ದಿಲು, ಎಲುಬು, ಕಾಳು. ಜೀವ ಹೋದ ಮೇಲೆ ಹೊಸ ಕಾರ್ಬನ್ ಒಳಗೆ ಬರುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. ಇಲ್ಲಿ ಮಗಳನ್ನು ಎಣಿಸುವುದೂ ಇಲ್ಲ, ತಾಯಿ ಎಷ್ಟು ಉಳಿದಿದೆ ಅಂತ ಮಾತ್ರ ನೋಡುತ್ತಾರೆ. ಹಾವೇರಿ ಜಿಲ್ಲೆಯ ಹಳ್ಳೂರು ತುಂಗಭದ್ರೆಯ ದಂಡೆಯಲ್ಲಿದೆ. ಅಲ್ಲಿ ಉತ್ಖನನದಲ್ಲಿ ಸಿಕ್ಕ ಇದ್ದಿಲಿನ ಕಾಲ ತಿಳಿದದ್ದು ಹೀಗೆ. ಸುಮಾರು 3,000 ವರ್ಷದ ಹಿಂದೆಯೇ ಅಲ್ಲಿ ಕಬ್ಬಿಣ ಇತ್ತು ಅಂತ ಗೊತ್ತಾಯಿತು. 3,000 ವರ್ಷಕ್ಕೆ ಕಾರ್ಬನ್-14ರಲ್ಲಿ ಇನ್ನೂ ನೂರಕ್ಕೆ 70 ಪಾಲು ಉಳಿದಿರುತ್ತದೆ. 50,000 ವರ್ಷ ದಾಟಿದರೆ ಅಳೆಯೋಕೆ ಏನೂ ಉಳಿದಿರುವುದಿಲ್ಲ. ಇನ್ನು 250 ಕೋಟಿ ವರ್ಷದ ಮಾತೆಲ್ಲಿ?

ಕಲ್ಲಿಗೆ ಬಳಸುವವು ಬೇರೆ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ 125 ಕೋಟಿ ವರ್ಷ. ನೂರರಲ್ಲಿ ಸುಮಾರು 89 ಕ್ಯಾಲ್ಸಿಯಂ ಆಗುತ್ತವೆ, 11 ಆರ್ಗಾನ್. ನಾವು ಹಿಡಿಯುವುದು ಆರ್ಗಾನ್ ಅನ್ನು, ಆದ್ದರಿಂದ ಸೂತ್ರದಲ್ಲಿ ಆ 11ರ ಲೆಕ್ಕ ಸೇರಿಸಬೇಕು. ಬೆಳಗಾವಿ, ವಿಜಯಪುರದ ಕಡೆ ಹಾಸಿರುವ ದಖ್ಖನ್ನಿನ ಲಾವಾ ಕಲ್ಲಿಗೆ ಆರ್ಗಾನ್ ಗಡಿಯಾರ ಚೆನ್ನಾಗಿ ನಡೆಯುತ್ತದೆ. ಸುಮಾರು 6.6 ಕೋಟಿ ವರ್ಷ ಅಂತ ಬರುತ್ತದೆ. ರುಬಿಡಿಯಂ-87ಕ್ಕೆ ಸುಮಾರು 4,900 ಕೋಟಿ ವರ್ಷ.

ಆದರೆ ನಮ್ಮ ಕಡೆಯ ಹಳೆಯ ಕಲ್ಲಿಗೆ ರಾಜ ಅಂದರೆ ಯುರೇನಿಯಂ, ಅದೂ ಜಿರ್ಕಾನ್ ಹರಳಿನೊಳಗಿನದು. ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಾಗಿಲಲ್ಲೇ ತಡೆಯುತ್ತದೆ. ಹಾಗಾಗಿ ಈಗ ಒಳಗೆ ಸೀಸ ಕಂಡರೆ ಅದು ಬಹುಪಾಲು ಅಲ್ಲೇ ಹುಟ್ಟಿದ್ದು. ಇನ್ನೊಂದು ಚೆಂದ ಏನಂದ್ರೆ ಒಂದೇ ಹರಳಿನಲ್ಲಿ ಎರಡು ಗಡಿಯಾರ. ಯುರೇನಿಯಂ-238 ಸೀಸ-206 ಆಗುತ್ತದೆ. ಯುರೇನಿಯಂ-235 ಸೀಸ-207 ಆಗುತ್ತದೆ, ಅದರ ಅರ್ಧಾಯುಷ್ಯ 70.4 ಕೋಟಿ ವರ್ಷ.

ಒಂದು ಲೆಕ್ಕ ಮಾಡೋಣ. ಗ್ರಾನೈಟ್ ಒಂದರ ಜಿರ್ಕಾನ್‌ನಲ್ಲಿ ಮೊದಲ ಜೋಡಿಯ ಮಗಳು-ತಾಯಿ ಪ್ರಮಾಣ 0.48 ಅಂದುಕೊಳ್ಳಿ. 1.48ರ ಎಲ್‌ಎನ್ 0.392. 446.8 ಭಾಗಿಸು 0.693, ಅಂದರೆ 644.7. ಗುಣಿಸಿದರೆ 253 ಕೋಟಿ ವರ್ಷ. ಎರಡನೇ ಜೋಡಿಯ ಪ್ರಮಾಣ 11.05 ಇದ್ದರೆ? 12.05ರ ಎಲ್‌ಎನ್ 2.489. 70.4 ಭಾಗಿಸು 0.693, ಅಂದರೆ 101.6. ಗುಣಿಸಿ ನೋಡಿ. ಮತ್ತೆ 253. ಬೇರೆ ಬೇರೆ ವೇಗದಲ್ಲಿ ಓಡುವ ಎರಡು ಗಡಿಯಾರ ಒಂದೇ ಸಮಯ ತೋರಿಸಿದರೆ ನಂಬಿಕೆ ಬರುತ್ತದೆ. ತೋರಿಸದಿದ್ದರೆ ಹರಳಿಗೆ ಏನೋ ಆಗಿದೆ ಅಂತಲೇ ಅರ್ಥ. ಪ್ರಮಾಣದ ಅಂಕಿಗಳನ್ನು ನಾನು ಅಭ್ಯಾಸಕ್ಕಾಗಿ ಇಟ್ಟಿದ್ದೇನೆ. ಆದರೆ ಉತ್ತರ ಸುಮ್ಮನೆ ಆರಿಸಿದ್ದಲ್ಲ, ರಾಮನಗರದಿಂದ ಉತ್ತರಕ್ಕೆ ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟ್ ಹೆಚ್ಚುಕಮ್ಮಿ ಆ ವಯಸ್ಸಿನದು.

ಆರನೇ ಹೆಜ್ಜೆ: ಹಗೇವಿನ ಬಾಯಿ ಮುಚ್ಚಿದ್ದು ಯಾವಾಗ?

ನನ್ನನ್ನು ಕೇಳಿದರೆ ಸೂತ್ರಕ್ಕಿಂತ ಇದು ಮುಖ್ಯ. ಕಲ್ಲಿನ ವಯಸ್ಸು ಅಂದಾಗ "ಯಾವುದು ಆದಾಗಿನಿಂದ?" ಅಂತ ಕೇಳಬೇಕು.

ಹಿಂದೆ ನಮ್ಮ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗಿನ ಕಣಜ. ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ. ಕಲ್ಲಿನ ಗಡಿಯಾರ ಶುರುವಾಗುವುದೂ ಹೀಗೆ ಬಾಯಿ ಮುಚ್ಚಿದ ಮೇಲೆ. ಕುದಿಯುವ ಲಾವಾದಲ್ಲಿ ಆರ್ಗಾನ್ ಅನಿಲ ಹಾರಿ ಹೋಗುತ್ತದೆ. ಲಾವಾ ಆರಿ ಗಟ್ಟಿಯಾದ ಮೇಲೆ ಹುಟ್ಟಿದ ಆರ್ಗಾನ್ ಹರಳಿನೊಳಗೇ ಸಿಕ್ಕಿಬೀಳುತ್ತದೆ. ಎಷ್ಟು ಆರಿದ ಮೇಲೆ ಬಾಯಿ ಮುಚ್ಚುತ್ತದೆ ಅನ್ನುವುದು ಖನಿಜದ ಮೇಲೆ ಹೋಗುತ್ತದೆ. ಕಪ್ಪು ಅಭ್ರಕದಲ್ಲಿ ಆರ್ಗಾನ್ ನಿಲ್ಲಬೇಕಾದರೆ ಸುಮಾರು 300 ಡಿಗ್ರಿಗೆ ಇಳಿಯಬೇಕು. ಜಿರ್ಕಾನ್ 900 ಡಿಗ್ರಿಯ ಆಸುಪಾಸಿನಲ್ಲೂ ಸೀಸವನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಾಗಾಗಿ ಒಂದೇ ಕಲ್ಲಿನಲ್ಲಿ ಜಿರ್ಕಾನ್ ಒಂದು ವಯಸ್ಸು, ಅಭ್ರಕ ಕಡಿಮೆ ವಯಸ್ಸು ಹೇಳಬಹುದು. ಎರಡೂ ಸರಿ. ಒಂದು ಹುಟ್ಟಿದ ದಿನ ಹೇಳುತ್ತಿದೆ, ಇನ್ನೊಂದು ಕೊನೆಯ ಸಲ ಆರಿದ ದಿನ.

ಮೊದಲ ಹೆಜ್ಜೆಯಲ್ಲಿ ಹೇಳಿದ ಬಿಸಿಯ ತೊಂದರೆ ಇದೇ. ಬಿಸಿ ಗಡಿಯಾರದ ಓಟ ಬದಲಿಸುವುದಿಲ್ಲ, ಹಗೇವಿನ ಬಾಯಿ ತೆರೆಯುತ್ತದೆ.

ನಮ್ಮ ಡಬ್ಬಿಯಲ್ಲೂ ಇದು ಆಯಿತು. ಎರಡನೇ ಭಾನುವಾರ ನೋಡಿದರೆ ಅದೇ 27 ಬೀಜ ಇವೆ, ಪುಟಾಣಿ 120ಕ್ಕೆ ಇಳಿದಿದೆ. ಕಾಕಾನ ಮೊಮ್ಮಗಳು ಗೋಡೆ ಕಡೆ ತಿರುಗಿ ಬಾಯಿ ಆಡಿಸುತ್ತಿದ್ದಳು. ಅದೇ ಲೆಕ್ಕ ಮತ್ತೆ ಹಾಕಿದೆವು: 3.3 ಕುಲುಕು. ನಾಲ್ಕು ಇದ್ದದ್ದು 3.3 ಆಯಿತು. ಮಗಳು ಸೋರಿ ಹೋದರೆ ಕಲ್ಲು ಇರುವುದಕ್ಕಿಂತ ಎಳೆಯದಾಗಿ ಕಾಣುತ್ತದೆ. ಬಿರುಕು ಬಿಟ್ಟ, ಮಳೆನೀರು ಹೊಕ್ಕ ಜಿರ್ಕಾನ್‌ನಲ್ಲಿ ಸೀಸ ಹೀಗೇ ಸೋರುತ್ತದೆ. ಡಬ್ಬಿಗಾದರೆ 200 ಇತ್ತು ಅಂತ ನಮಗೆ ಗೊತ್ತಿತ್ತು, ಕಳ್ಳಿ ಸಿಕ್ಕಳು. ಕಲ್ಲಿಗೆ ಆ ಎರಡು ಯುರೇನಿಯಂ ಗಡಿಯಾರಗಳ ಜಗಳವೇ ಸಾಕ್ಷಿ.

ಇನ್ನೊಂದು ಗೊಂದಲ ಲಕ್ಕುಂಡಿಯಲ್ಲಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ 1007ರ ಸುಮಾರಿನದು. ಅಲ್ಲಿಯ ಕಲ್ಲು ನುಣುಪಾದ ಕ್ಲೋರೈಟ್ ಶಿಸ್ಟ್, ಉಳಿಗೆ ಬೆಣ್ಣೆಯ ಹಾಗೆ ಬಗ್ಗುತ್ತದೆ. "ಗುಡಿಯ ಕಲ್ಲನ್ನು ಲ್ಯಾಬಿಗೆ ಕಳಿಸಿದರೆ ಗುಡಿ ಕಟ್ಟಿದ ವರ್ಷ ಬರುತ್ತಾ?" ಅಂತ ಶಾಲೆಯ ಟ್ರಿಪ್‌ನಲ್ಲಿ ಒಬ್ಬ ಕೇಳಿದ್ದ. ಬರುವುದಿಲ್ಲ. ಉಳಿ ಬಿದ್ದ ಮಾತ್ರಕ್ಕೆ ಗಡಿಯಾರ ಸೊನ್ನೆಗೆ ಬರಲ್ಲ. ಗುಡಿಗೆ ಸಾವಿರ ಚಿಲ್ಲರೆ ವರ್ಷ, ಕಲ್ಲಿಗೆ ನೂರಾರು ಕೋಟಿ. ಗುಡಿಯ ವರ್ಷ ಬೇಕಿದ್ದರೆ ಶಾಸನ ಓದಬೇಕು.

ಮರಳು, ಮಣ್ಣು ಕೂಡಿ ಆದ ಕಲ್ಲುಗಳಲ್ಲಿ ಇನ್ನೂ ಹುಷಾರಾಗಿರಬೇಕು. ಅದರೊಳಗಿನ ಜಿರ್ಕಾನ್ ಬೇರೆ ಯಾವುದೋ ಹಳೆಯ ಗುಡ್ಡದಿಂದ ಹೊಳೆಯಲ್ಲಿ ಹರಿದು ಬಂದದ್ದು. ಜೋಳ ಹೋದ ವರ್ಷದ್ದು, ರೊಟ್ಟಿ ಇವತ್ತಿನದು. ಜೋಳದ ವಯಸ್ಸಿನಿಂದ ರೊಟ್ಟಿಯ ವಯಸ್ಸು ಹೇಳಲಾಗದು. ರೊಟ್ಟಿ ಜೋಳಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು. ಕಾಕಾಗೆ ತೋರಿಸಿದ ಪಟ್ಟೆಕಲ್ಲೂ ನೀರಿನಡಿ ಪದರ ಪದರವಾಗಿ ಕೂತದ್ದು, ಅದರಿಂದ ನೇರವಾಗಿ ವಯಸ್ಸು ತೆಗೆಯುವುದು ಕಷ್ಟ. ಇಂಥ ಕಡೆ ಮೇಲೆ ಕೆಳಗೆ ಇರುವ ಜ್ವಾಲಾಮುಖಿ ಪದರಗಳ, ನಡುವೆ ನುಗ್ಗಿದ ಗ್ರಾನೈಟ್‌ನ ವಯಸ್ಸು ನೋಡಿ ನಡುವಿನದನ್ನು ಅಂದಾಜು ಮಾಡುತ್ತಾರೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. ಅವನ ಕಾಲಕ್ಕೆ ಇವು ಹಳೆಯವು ಅಂತ ಗೊತ್ತಿತ್ತು, ಎಷ್ಟು ಹಳೆಯವು ಅನ್ನೋಕೆ ಗಡಿಯಾರ ಇರಲಿಲ್ಲ.

ಏಳನೇ ಹೆಜ್ಜೆ: ಮೊದಲೇ ಪುಟಾಣಿ ಇದ್ದರೆ?

ಜಿರ್ಕಾನ್ ಸೀಸವನ್ನು ತಡೆಯುತ್ತದೆ, ಸರಿ. ಎಲ್ಲ ಖನಿಜಗಳೂ ಅಷ್ಟು ಶಿಸ್ತಿನವಲ್ಲ. ರುಬಿಡಿಯಂ-87 ಸ್ಟ್ರಾನ್ಷಿಯಂ-87 ಆಗುತ್ತದೆ. ಆದರೆ ಆ ಸ್ಟ್ರಾನ್ಷಿಯಂ ಕಲ್ಲು ಹುಟ್ಟುವಾಗಲೇ ಒಂದಿಷ್ಟು ಇರುತ್ತದೆ. ಎಷ್ಟಿತ್ತು ಅಂತ ತಿಳಿಯುವುದು ಹೇಗೆ?

ಮೂರು ಡಬ್ಬಿ ತಗೊಳ್ಳಿ. ಲೆಕ್ಕ ಸರಳ ಆಗಲಿ ಅಂತ ಬೀಜದ ಬದಲು ನಾಣ್ಯ ಅಂದುಕೊಳ್ಳಿ. ಒಂದರಲ್ಲಿ 50, ಒಂದರಲ್ಲಿ 100, ಒಂದರಲ್ಲಿ 150. ಮೂರರಲ್ಲೂ ಮೊದಲೇ 10 ಪುಟಾಣಿ ಕದ್ದು ಹಾಕಿ. ಮೂರನ್ನೂ ಒಂದೊಂದು ಸಲ ಕುಲುಕಿ, ಬಿದ್ದವಕ್ಕೆ ಪುಟಾಣಿ ಹಾಕಿ. ಸುಮಾರು 25, 50, 75 ನಾಣ್ಯ ಉಳಿಯುತ್ತವೆ. ಪುಟಾಣಿ 35, 60, 85. ಈಗ ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ನಾಣ್ಯ, ಉದ್ದಕ್ಕೆ ಪುಟಾಣಿ ಇಟ್ಟು ಚುಕ್ಕಿ ಹಾಕಿ. ಮೂರೂ ಒಂದೇ ಸರಳ ರೇಖೆಯ ಮೇಲೆ ಕೂರುತ್ತವೆ. ರೇಖೆಯ ಇಳಿಜಾರು 1, ಅಂದರೆ ಒಂದು ಅರ್ಧಾಯುಷ್ಯ ಕಳೆದಿದೆ. ರೇಖೆಯನ್ನು ಎಡಕ್ಕೆ ಎಳೆದರೆ 10ರ ಹತ್ತಿರ ಮುಟ್ಟುತ್ತದೆ. ಕದ್ದು ಹಾಕಿದ್ದು ಅಲ್ಲೇ ಸಿಕ್ಕಿಬಿತ್ತು.

ಭೂವಿಜ್ಞಾನಿಗಳು ಐಸೋಕ್ರಾನ್ ಅನ್ನುವುದು ಇದಕ್ಕೇ. ಒಂದೇ ಕಲ್ಲಿನ ಬೇರೆ ಬೇರೆ ಖನಿಜಗಳು ಅವರಿಗೆ ಡಬ್ಬಿಗಳು. ಅಳತೆಗೆ ಆಧಾರವಾಗಿ ಕ್ಷಯದಿಂದ ಹುಟ್ಟದ ಸ್ಟ್ರಾನ್ಷಿಯಂ-86 ಅನ್ನು ಇಟ್ಟುಕೊಳ್ಳುತ್ತಾರೆ. ಇಳಿಜಾರು 0.0364 ಬಂದರೆ ಅದನ್ನೇ ಸೂತ್ರದಲ್ಲಿ ಮಗಳು ಭಾಗಿಸು ತಾಯಿಯ ಜಾಗಕ್ಕೆ ಹಾಕಿ. ಮತ್ತೆ 253 ಕೋಟಿಯೇ ಸಿಗುತ್ತದೆ. ಚುಕ್ಕಿಗಳು ರೇಖೆಗೆ ಕೂರದೆ ಚದುರಿದರೆ ಆ ಕಲ್ಲನ್ನು ಬಿಟ್ಟು ಬೇರೆ ನೋಡಿ.

ವಯಸ್ಸು ಓದುವಾಗ

ಚಿಕ್ಕ ಮಾತು, ಆದರೆ ಮರ್ಯಾದೆ ಉಳಿಸುತ್ತದೆ. ಮಿಲಿಯನ್ ಅಂದರೆ 10 ಲಕ್ಷ. ಬಿಲಿಯನ್ ಅಂದರೆ 100 ಕೋಟಿ. 2,500 ಮಿಲಿಯನ್ ಅಂದರೆ 250 ಕೋಟಿ. ನಾನೊಮ್ಮೆ ಬೋರ್ಡಿನ ಮೇಲೆ 25 ಕೋಟಿ ಅಂತ ಬರೆದು, ಮೂರನೇ ಬೆಂಚಿನ ಹುಡುಗಿ ಎದ್ದು ತಿದ್ದಿದಳು. ಮತ್ತೆ, 252.8 ± 0.5 ಕೋಟಿ ಅಂತ ಕಂಡರೆ ಆ 0.5ನ್ನು ನುಂಗಬೇಡಿ. ಅಳತೆ ಅಷ್ಟು ಅತ್ತಿತ್ತ ಆಗಬಹುದು ಅಂತ ಅದು ಹೇಳುತ್ತಿದೆ. ಆ 0.5 ಅಂದರೆ 50 ಲಕ್ಷ ವರ್ಷ!

ಕೊನೆಯ ಹೆಜ್ಜೆ: ಗುಡ್ಡದಿಂದ ಲ್ಯಾಬಿಗೆ

ಕಲ್ಲು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಓದುವ ಕಾಲದಲ್ಲಿ ನಾನು ಖುಷಿಯಿಂದ ಒಂದು ಕೆಂಪು ಕಲ್ಲು ಹೊತ್ತು ತಂದಿದ್ದೆ. ನಮ್ಮ ಸರ್ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟರು. ಟಣ್ ಅನ್ನಬೇಕಿತ್ತು, ಥಪ್ ಅಂತು. "ಇದು ಕೊಳೆತ ಬದನೇಕಾಯಿ" ಅಂದು ಬಿಸಾಕಿದರು. ಬಿಸಿಲು ಮಳೆಗೆ ಸಡಿಲಾದ ಕಲ್ಲಿನ ಹಗೇವು ಎಂದೋ ತೆರೆದಿರುತ್ತದೆ. ಒಳಗಿನ, ಹೊಸದಾಗಿ ಒಡೆದ, ಹೊಳೆಯುವ ಭಾಗ ಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಆದ್ದರಿಂದ ಅಲ್ಲಿ ಸುತ್ತಿಗೆ ಹಿಡಿದು ತಿರುಗಬೇಡಿ. ನೋಡಿ, ಫೋಟೋ ತೆಗೆದುಕೊಂಡು ಬನ್ನಿ.

ಲ್ಯಾಬಿನಲ್ಲಿ ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ನೀರಿನಲ್ಲಿ ಜಾಲಿಸುತ್ತಾರೆ. ಜಿರ್ಕಾನ್ ನೀರಿಗಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ಭಾರ, ಅದು ತಳಕ್ಕೆ ಉಳಿಯುತ್ತದೆ. ಸೊರಟೂರು, ದೋಣಿ ಕಡೆಯ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದದ್ದೂ ಇದೇ ಉಪಾಯದಿಂದ. ಆಮೇಲೆ ಆಯಸ್ಕಾಂತ, ಭಾರವಾದ ದ್ರವ. ಕೊನೆಗೆ ಸೂಕ್ಷ್ಮದರ್ಶಕದ ಅಡಿ ಒಬ್ಬರು ಕೂತು ಸೂಜಿಯಿಂದ ಹರಳನ್ನು ಒಂದೊಂದಾಗಿ ಆರಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆದರೆ ಇಲ್ಲಿನ ಕಾಳು ಹೆಚ್ಚಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದನ್ನು ಉಜ್ಜಿ, ಅದರೊಳಗೆ ಕೂದಲಿನ ದಪ್ಪಕ್ಕಿಂತ ಕಡಿಮೆ ಅಗಲದ ಜಾಗಕ್ಕೆ ಲೇಸರ್ ಹೊಡೆದು, ಎದ್ದ ದೂಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸುತ್ತಾರೆ. ಆ ಯಂತ್ರ ಪರಮಾಣುಗಳನ್ನು ತೂಕದ ಪ್ರಕಾರ ಬೇರೆ ಮಾಡುತ್ತದೆ. ಯಾವುದು ಎಷ್ಟಿದೆ ಅನ್ನುವುದು ಪರದೆಯ ಮೇಲೆ ಬರುತ್ತದೆ. ಮಗಳು ಭಾಗಿಸು ತಾಯಿ. ಮುಂದಿನದು ನಿಮಗೆ ಗೊತ್ತು.

ಇಷ್ಟೆಲ್ಲ ಕೇಳಿದ ಮೇಲೆ ಕಾಕಾ ಎದ್ದು ಅಡುಗೆಮನೆಯ ಮೂಲೆಗೆ ಕರೆದೊಯ್ದರು. ಅವರ ಅವ್ವನ ಕಾಲದ ಬೀಸುಕಲ್ಲು ಅಲ್ಲಿದೆ. ಗ್ರಾನೈಟ್, ನಡು ಸವೆದು ಹೊಳೆಯುತ್ತದೆ.

"ಇದರ ವಯಸ್ಸು ತೆಗಿಸೋಣಾ?"

"ತೆಗಿಸಬಹುದು ಕಾಕಾ. ಒಡೆದು ಪುಡಿ ಮಾಡಬೇಕಾಗ್ತದ."

ಕಾಕಾ ಬೀಸುಕಲ್ಲಿನ ಗೂಟದ ಮೇಲೆ ಕೈ ಇಟ್ಟರು. "ಹಂಗಾದ್ರ ಬ್ಯಾಡ ಬಿಡು" ಅಂದರು.